ಮ್ಯಾಚಿಂಗ್ ಕಾಕಾ ನೋಡಿದ ಫ್ರಾನ್ಸಿನ ಹೊಳೆ

ಹೋದ ವಾರ ಹೈದರಾಬಾದಿನ ಮಾದಾಪುರದ ನಮ್ಮ ಆಫೀಸಿಗೆ ಬಟ್ಟೆಯ ಸ್ಯಾಂಪಲ್ಲುಗಳ ಪೆಟ್ಟಿಗೆಯೊಂದು ಬಂತು. ಟೇಪು ಕಿತ್ತು ಮುಚ್ಚಳ ತೆಗೆದದ್ದೇ ತಡ, ಬ್ಲೌಸಿಗೆ ಬಳಸುವ ಹೊಸ ರುಬಿಯಾ ಬಟ್ಟೆಯ ಗಂಜಿ ವಾಸನೆ, ಅದರ ಜೊತೆ ಸಣ್ಣಗೆ ನುಸಿಗುಳಿಗೆಯ ಘಾಟು, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಎದುರಿಗೆ ಕೂತ ಹುಡುಗಿ ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ನಾನಾಗಲೇ ಹಿಮಾಯತ್‌ನಗರದ ಒಂದು ಗಲ್ಲಿಯಲ್ಲಿ, ಆರಡಿ ಅಗಲದ ಒಂದು ಅಂಗಡಿಯ ಮುಂದೆ ನಿಂತುಬಿಟ್ಟಿದ್ದೆ...

ಅದು ಮ್ಯಾಚಿಂಗ್ ಸೆಂಟರ್. ಸೀರೆ ಒಯ್ದು ತೋರಿಸಿದರೆ ಅದಕ್ಕೊಪ್ಪುವ ಬ್ಲೌಸ್ ಪೀಸು, ಫಾಲು, ಲಂಗದ ಬಟ್ಟೆ ತೆಗೆದುಕೊಡುವ ಅಂಗಡಿ. ಅದರ ಮಾಲೀಕರನ್ನು ನಮ್ಮ ಓಣಿಯ ಕನ್ನಡದ ಮನೆಗಳವರೆಲ್ಲ ಮ್ಯಾಚಿಂಗ್ ಕಾಕಾ ಎನ್ನುತ್ತಿದ್ದರು. ಇಳಕಲ್ಲಿನ ನೇಕಾರರ ಮನೆಯವರು. ಹೈದರಾಬಾದಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಅವರ ತೆಲುಗು ಇಳಕಲ್ಲಿನ ದಾರಿಯಲ್ಲೇ ನಡೆಯುತ್ತಿತ್ತು. ಅವರದೊಂದು ಹಟವಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಯಾವ ಬಣ್ಣವನ್ನೂ ಹೊಂದಿಸಿ ಕೊಡುತ್ತಿರಲಿಲ್ಲ. "ದರ್ವಾಜೇ ಮೇ ಆವೋ ಅಮ್ಮಾ" ಎಂದು ಗಿರಾಕಿಯನ್ನು ಅಂಗಡಿಯ ಬಾಗಿಲಿಗೆ ಕರೆದು, ಸೆರಗನ್ನೂ ಬ್ಲೌಸ್ ಪೀಸನ್ನೂ ಬಿಸಿಲಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಮೋಡ ಕವಿದಿದ್ದರೆ ನಾಳೆ ಬನ್ನಿ ಎಂದು ಬಂದ ವ್ಯಾಪಾರವನ್ನೇ ವಾಪಸ್ ಕಳಿಸುತ್ತಿದ್ದರು. ಅಮ್ಮ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ಬೇರೆ ಅಂಗಡಿಗೆ ಮಾತ್ರ ಹೋಗುತ್ತಿರಲಿಲ್ಲ.

ನಾನಾಗ ಡಿಸೈನ್ ಡಿಪ್ಲೊಮಾದ ಮೊದಲ ವರ್ಷದಲ್ಲಿದ್ದೆ. ಇಂಪ್ರೆಷನಿಸ್ಟ್ ಶೈಲಿಯ ಒಂದು ಚಿತ್ರ ತೆಗೆದುಕೊಂಡು, ಅದರಲ್ಲಿ ಸಮತೋಲ, ಲಯ, ಒತ್ತು ಇವೆಲ್ಲ ಹೇಗೆ ಕೂಡಿವೆ ಎಂದು ವಿಶ್ಲೇಷಿಸಿ, ಆಮೇಲೆ ಅದೇ ಚಿತ್ರವನ್ನು ನಮ್ಮ ಊರಿನದಾಗಿ ಹೊಸದಾಗಿ ಮಾಡಬೇಕಿತ್ತು. ನನಗೆ ಸಿಕ್ಕಿದ್ದು ಫ್ರಾನ್ಸಿನ ಯಾವುದೋ ಹೊಳೆಯ ದಂಡೆ. ಕೆಳಗೆ ದಟ್ಟ ಹುಲ್ಲು, ಆಚೆ ಉದ್ದನೆಯ ಮರಗಳ ಸಾಲು, ನೀರಿನಲ್ಲಿ ಅವುಗಳ ನೆರಳು, ಎಡಕ್ಕೆ ದೂರದಲ್ಲೊಂದು ಪುಟ್ಟ ಕಿತ್ತಳೆ ದೋಣಿ, ಬಲಕ್ಕೆ ಬಿಳಿ ಉಡುಪಿನ ಹೆಂಗಸು. ಅಷ್ಟೇ. ನಾನು ಇಂಟರ್‌ನೆಟ್ಟಿನಿಂದ ಮೂರು ಪುಟ ಎತ್ತಿ, ಚೆಂದದ ಫೈಲಿಗೆ ಹಾಕಿ ಕೊಟ್ಟೆ. ನಮ್ಮ ಮೇಡಂ ಫೈಲು ಮುಚ್ಚಿಟ್ಟು, "ಆ ಹೆಂಗಸಿನ ಬಟ್ಟೆ ಯಾವ ಬಣ್ಣ?" ಎಂದರು. "ಬಿಳಿ" ಎಂದೆ. "ನೋಡೇ ಇಲ್ಲ ನೀನು" ಎಂದು ಫೇಲ್ ಮಾಡಿದರು. ಮೂರು ವಾರದ ನಂತರ ಹೊರಗಿನ ಪರೀಕ್ಷಕರ ಮುಂದೆ ಇನ್ನೊಂದೇ ಅವಕಾಶ.

ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಚಹಾದ ಕಪ್ಪು ಕೆಳಗಿಟ್ಟು, "ಈ ಸಲಾನೂ ಹೋತಂದ್ರ ಬಿ.ಕಾಂ.ಗೆ ಹಚ್ಚತೀನಿ ನೋಡವಾ. ಮುಂದ ಮಾತಿಲ್ಲ" ಎಂದರು. ಅಪ್ಪ ಒಮ್ಮೆ ಹಾಗೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗುತ್ತಿರಲಿಲ್ಲ. ಬಣ್ಣದ ಕೆಲಸ ಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ. ಆ ರಾತ್ರಿ ದಿಂಬು ತೊಯ್ದದ್ದನ್ನು ಈಗ ಹೇಳಲು ನಾಚಿಕೆಯೇನಿಲ್ಲ.

ಮರುದಿನ ಅಮ್ಮ ಫಾಲು ತರಲು ಕಳಿಸಿದಳು. ಮುಖ ಊದಿಸಿಕೊಂಡೇ ಹೋದೆ. ಏನಾಯಿತೆಂದು ಕಾಕಾ ಕೇಳಿದ್ದಕ್ಕೆ ಸಿಟ್ಟಿನಿಂದ ಚೀಲದಲ್ಲಿದ್ದ ಚಿತ್ರ ತೆಗೆದು, ಇದರಲ್ಲಿ ಬಿಳಿ ಇಲ್ಲವಂತೆ ನೋಡಿ ಎಂದು ಗಲ್ಲಾಪೆಟ್ಟಿಗೆಯ ಮೇಲೆ ಒಗೆದೆ. ಅವರು ಅದನ್ನು ಎತ್ತಿಕೊಂಡು, ಇನ್ನೆಲ್ಲಿಗೆ, ಬಾಗಿಲಿಗೆ ಹೋದರು. ಬಿಸಿಲಿಗೆ ಹಿಡಿದರು. ಕಣ್ಣು ಕಿರಿದಾಯಿತು.

"ಬಿಳಿ ಎಲ್ಲೈತಿ ತಂಗಿ? ನನಗ ಕಾಣವಲ್ದು."

"ಐತ್ರೀ ಕಾಕಾ. ಅಷ್ಟ ದೊಡ್ಡ ಹೆಂಗಸು ನಿಂತಾಳಲ್ರೀ."

ಕಾಕಾ ಒಳಗೆ ಹೋಗಿ ಬ್ಲೌಸ್ ಪೀಸಿನ ಚೂರುಗಳ ಡಬ್ಬಿ ತಂದರು. ಮೊದಲು ಬಿಳಿ ಚೂರೊಂದನ್ನು ಆ ಹೆಂಗಸಿನ ತೋಳಿನ ಪಕ್ಕ ಇಟ್ಟರು. ತೋಳು ತಿಳಿನೀಲಿಯಾಗಿ ಕಂಡಿತು! ಅದನ್ನು ಸರಿಸಿ ಸೊಂಟದ ಹತ್ತಿರ ಇಟ್ಟರು. ಅಲ್ಲಿ ಬದನೆ ಹೂವಿನ ಬಣ್ಣ. ಅಂಚಿನಲ್ಲಿ ನಿಂಬೆಹಳದಿ, ಬೆನ್ನಿಗೆ ಎಳೆಗುಲಾಬಿ. ಒಂದೊಂದಕ್ಕೂ ಸರಿಯಾದ ಚೂರು ಹುಡುಕಿ ಪಕ್ಕದಲ್ಲಿಡುತ್ತಾ ಹೋದರು. ಒಂದು ತಾಸಿನಲ್ಲಿ ಆ ಬಿಳಿ ಉಡುಪಿನಿಂದ ಹನ್ನೊಂದು ಬಣ್ಣ ಹೊರಬಂದವು, ಬಿಳಿ ಮಾತ್ರ ಬರಲಿಲ್ಲ. "ಬರದವ ಯಾರರ ಇರಲಿ, ಬಿಸಲಾಗ ನಿಂತ ಮ್ಯಾಚಿಂಗ್ ಮಾಡ್ಯಾನ" ಎಂದರು. ತಮ್ಮ ಕಸುಬಿನವನೊಬ್ಬನನ್ನು ಬಹಳ ದಿನಕ್ಕೆ ಕಂಡವರ ಖುಷಿ ಅವರ ದನಿಯಲ್ಲಿತ್ತು.

ಅವತ್ತಿನಿಂದ ದಿನಾ ಕಾಲೇಜು ಮುಗಿಸಿ ಅಲ್ಲಿಗೇ ಹೋಗತೊಡಗಿದೆ. ಕಾಕಾಗೆ ಸಮತೋಲ, ಲಯ ಎಂದರೆ ತಲೆಬುಡ ತಿಳಿಯದು. ಅವರಿಗೆ ಗೊತ್ತಿದ್ದದ್ದು ಸೀರೆ. ಕೆಳಗಿನ ಕಡುಹಸಿರು ಹುಲ್ಲು ಸೀರೆಯಂಚಿನ ದಡಿಯಂತೆ, ಅದಿಲ್ಲದಿದ್ದರೆ ಹೊಳೆ ಕಾಗದದಿಂದ ಹರಿದುಹೋಗುತ್ತಿತ್ತಂತೆ. ನೀರು, ಆಕಾಶ ಎರಡೂ ಒಡಲು, ಕಣ್ಣು ಅಲ್ಲಿ ಸುಮ್ಮನೆ ತಿರುಗಾಡಬೇಕು. ಹೆಂಗಸು ಸೆರಗು, ತಿರುಗಾಡಿದ ಕಣ್ಣು ಕೊನೆಗೆ ಅಲ್ಲಿ ಬಂದು ನಿಲ್ಲಬೇಕು. ನಾನು ತಲೆಯಾಡಿಸುತ್ತಿದ್ದೆ. ಒಂದು ದಿನ ಆ ಕಿತ್ತಳೆ ದೋಣಿಯ ಮೇಲೆ ಬೆರಳಿಟ್ಟು, "ಇದನ್ನ ಮುಚ್ಚಿ ನೋಡು, ಚಿತ್ರ ಬಲಕ್ಕ ವಾಲತೈತಿ. ಅಷ್ಟ ದೊಡ್ಡ ಹೆಣ್ಮಗಳನ್ನ ಈ ಬೊಟ್ಟಿನಷ್ಟ ದೋಣಿ ಹಿಡದ ನಿಲ್ಲಿಸೈತಿ" ಎಂದರು. ಮುಚ್ಚಿದೆ. ವಾಲಿತು. ಬೆರಳು ತೆಗೆದೆ, ಮತ್ತೆ ನೆಟ್ಟಗಾಯಿತು. ಮೂರು ಪುಟ ಓದಿಯೂ ಹತ್ತದಿದ್ದದ್ದು ನನ್ನ ತಲೆಗೆ ಅಲ್ಲಿ ಹತ್ತಿತು.

ಇನ್ನು ಅದನ್ನು ನಮ್ಮ ಊರಿನದು ಮಾಡುವ ಕೆಲಸ. ಅದು ನನಗೇ ಹೊಳೆಯಿತು, ಅದನ್ನು ಮಾತ್ರ ಕಾಕಾಗೆ ಬಿಟ್ಟುಕೊಡುವುದಿಲ್ಲ. ಒಂದು ಮಧ್ಯಾಹ್ನ ಕರಿ ಬುರ್ಖಾ ತೊಟ್ಟ ಹೆಂಗಸೊಬ್ಬರು ಅಂಗಡಿಯ ಬಾಗಿಲಲ್ಲಿ ನಿಂತು ಅರಿಶಿನ ಬಣ್ಣದ ತುಂಡೊಂದನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದರು. ಅವರ ಬುರ್ಖಾದ ಹೆಗಲು ನೀಲಿಯಾಗಿತ್ತು, ನಿರಿಗೆ ನೇರಳೆ, ಅಂಗಡಿಯ ಕಡೆಗಿನ ಮಗ್ಗುಲು ಎಲೆಹಸಿರು... ಕರಿ ಎಲ್ಲೂ ಇರಲಿಲ್ಲ. ಆ ಫ್ರಾನ್ಸಿನ ಚಿತ್ರಕಾರ ಬಿಳಿ ಇಲ್ಲದೆ ಬಿಳಿ ಮಾಡಿದ್ದರೆ, ನಾನು ಕರಿ ಇಲ್ಲದೆ ಕರಿ ಮಾಡುತ್ತೇನೆ ಎಂದೆ. ಕಾಕಾ ಚೂರುಗಳ ಡಬ್ಬಿಯನ್ನೇ ನನ್ನ ಕಡೆ ತಳ್ಳಿದರು. ಬಿಳಿ ಉಡುಪಿನವಳ ಬದಲು ಬುರ್ಖಾದ ಹೆಂಗಸು, ಹೊಳೆಯ ಬದಲು ಬಿಸಿಲು ಬಿದ್ದ ರಸ್ತೆ, ಮರಗಳ ಬದಲು ನಿಲ್ಲಿಸಿಟ್ಟ ಬಟ್ಟೆಯ ಸುರುಳಿಗಳು, ದೋಣಿಯ ಬದಲು ದೂರದಲ್ಲೊಂದು ಕಿತ್ತಳೆ ಹಣ್ಣಿನ ಬಂಡಿ. ಚೂರು ಕತ್ತರಿಸಿ, ಬಾಗಿಲಿನ ಬಿಸಿಲಲ್ಲಿ ಬಣ್ಣ ನೋಡಿ, ಗೋಂದು ಹಚ್ಚಿ ಅಂಟಿಸಿದ್ದೇ ಅಂಟಿಸಿದ್ದು.

ಪರೀಕ್ಷೆಯ ದಿನ ಹಾಲ್‌ಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಪ್ರೊಜೆಕ್ಟರಿಗೆಂದು ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿದ್ದರು. ಮೇಲೆ ಸಾಲು ಟ್ಯೂಬ್‌ಲೈಟು. ಆ ಬೆಳಕಿನಲ್ಲಿ ನನ್ನ ನೀಲಿ, ನೇರಳೆ, ಎಲೆಹಸಿರು ಎಲ್ಲ ಒಂದೇ ಮಸಿಯಾಗಿ ಕೂತಿದ್ದವು. ಮೂರು ವಾರ ಬಿಸಿಲಲ್ಲಿ ನೋಡಿ ಅಂಟಿಸಿದ ನಮಗಿಬ್ಬರಿಗೂ, ಇದನ್ನು ನೋಡುವವರು ಯಾವ ಬೆಳಕಿನಲ್ಲಿ ನೋಡುತ್ತಾರೆ ಎಂಬ ಯೋಚನೆಯೇ ಬಂದಿರಲಿಲ್ಲ. ಮೂವರು ಪರೀಕ್ಷಕರಲ್ಲಿ ಹೊರಗಿನವರು ನರೆತ ಗಡ್ಡದ ಹಿರಿಯರು. ಕೂತಲ್ಲಿಂದಲೇ ನೋಡಿ, "ಬರೀ ಕಪ್ಪು. ಇದರಲ್ಲಿ ಹೊಸದೇನಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿ, ನನ್ನ ಹೆಸರಿನ ಮುಂದೆ ಬರೆಯಲು ಪೆನ್ನು ಎತ್ತಿದರು. ಅಪ್ಪನ ಬಿ.ಕಾಂ. ಕಣ್ಣ ಮುಂದೆ ಬಂತು. ಕಂಠಪಾಠ ಮಾಡಿದ್ದ ಇಂಗ್ಲಿಷೆಲ್ಲ ಎಲ್ಲಿಗೆ ಹೋಯಿತೋ, ನನಗರಿವಿಲ್ಲದೆ ಬಾಯಿಂದ ಬಂದದ್ದು ಒಂದೇ ಮಾತು.

"ಸರ್, ಜರಾ ದರ್ವಾಜೇ ಮೇ ಆವೋ."

ಆಯಿಯೇ ಎಂದು ಮರ್ಯಾದೆಯಿಂದ ಕರೆಯಬೇಕಾದವರನ್ನು ನಾನು ಫಾಲು ಕೊಳ್ಳಲು ಬಂದವರಂತೆ ಕರೆದಿದ್ದೆ. ಮೇಡಂ ಹಣೆ ಮುಟ್ಟಿಕೊಂಡರು. ಆದದ್ದಾಗಲಿ ಎಂದು ಚಿತ್ರ ಎತ್ತಿಕೊಂಡು ನಾನು ಬಾಗಿಲಿಗೆ ನಡೆದೇಬಿಟ್ಟೆ. ಆ ಹಿರಿಯರು ಏನಂದುಕೊಂಡರೋ, ಪೆನ್ನು ಕೆಳಗಿಟ್ಟು ಎದ್ದು ಬಂದರು. ಹಿಂದೆಯೇ ಉಳಿದಿಬ್ಬರು ಪರೀಕ್ಷಕರೂ ಬಂದರು. ವರಾಂಡದ ಬಿಸಿಲು ಚಿತ್ರದ ಮೇಲೆ ಬಿತ್ತು.

ಅವರು ಕನ್ನಡಕ ತೆಗೆದರು. ಬಗ್ಗಿದರು. ಹೆಗಲಿನ ನೀಲಿ, ನಿರಿಗೆಯ ನೇರಳೆ, ಒಂದೊಂದರ ಮೇಲೂ ಬೆರಳಿಡುತ್ತಾ ಬಂದು, ಕರಿ ಎಲ್ಲಿ ಎಂದು ಕೇಳಿದರು. ಒಂದು ಚೂರೂ ಇಲ್ಲ ಸರ್ ಎಂದೆ. ಆಮೇಲೆ ನನಗೆ ಯಾರ ಭಯವೂ ಉಳಿಯಲಿಲ್ಲ. ದಡಿ, ಒಡಲು, ಸೆರಗು ಎಲ್ಲ ಹೇಳಿದೆ. ಹಣ್ಣಿನ ಬಂಡಿಯನ್ನು ಅವರದೇ ಬೆರಳಿನಿಂದ ಮುಚ್ಚಿಸಿ, ಚಿತ್ರ ವಾಲುವುದನ್ನು ತೋರಿಸಿದೆ. ಅವರು ಒಳಗಿದ್ದ ಹುಡುಗ ಹುಡುಗಿಯರನ್ನೆಲ್ಲ ವರಾಂಡಕ್ಕೆ ಕರೆದು, ನೋಡುವುದೆಂದರೆ ಇದು ಎಂದರು. ಇಡೀ ಬ್ಯಾಚಿನಲ್ಲಿ ನನ್ನದೇ ಮೊದಲ ಸ್ಥಾನ. ಇಂಥ ಗೆಲುವು ನನಗೆ ಆಮೇಲೆಂದೂ ಸಿಕ್ಕಿಲ್ಲ, ಅದನ್ನು ಹೇಳುವಾಗ ಈಗಲೂ ಎದೆ ಉಬ್ಬುತ್ತದೆ.

ಮನೆಗೂ ಹೋಗದೆ ನೇರ ಅಂಗಡಿಗೆ ಓಡಿದೆ. ಗೆದ್ದೆ ಕಾಕಾ ಎಂದು ಏದುಸಿರಿನಲ್ಲೇ ಎಲ್ಲ ಹೇಳಿದೆ. ಅವರು ಕೇಳುತ್ತಲೇ ಚಿತ್ರವನ್ನು ಬಾಗಿಲಿಗೆ ಒಯ್ದು, ಕಣ್ಣು ಕಿರಿದು ಮಾಡಿ, ತೋಳಿನ ಹತ್ತಿರದ ಒಂದು ಚೂರಿನ ಮೇಲೆ ಉಗುರಿಟ್ಟರು.

"ಇದನ್ನ ಮನಿಯಾಗ ಲೈಟಿನ ಬೆಳಕಿಗೆ ಹಚ್ಚೀದಿ. ಖರೆ ಹೌದಿಲ್ಲೋ?"

ಖರೆಯೇ. ಹಿಂದಿನ ಸಂಜೆ ಒಂದು ಚೂರು ಕಿತ್ತುಬಂದಿತ್ತು, ಕೈಗೆ ಸಿಕ್ಕಿದ್ದನ್ನು ಅಂಟಿಸಿದ್ದೆ. ಮೂರು ಮಂದಿ ಪರೀಕ್ಷಕರಿಗೆ ಅದು ಕಂಡಿರಲಿಲ್ಲ. ಹೋಗಲಿ ಬಿಡ್ರಿ, ಪಾಸಾತಲ್ಲ ಎಂದೆ. "ಅವರು ಮಾಡ್ಯಾರ, ನಾ ಇನ್ನೂ ಮಾಡಿಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಕಿತ್ತೆ. ಅವರು ಬೇರೆ ನೇರಳೆ ಚೂರು ಕೊಟ್ಟರು, ಅಂಟಿಸಿದೆ. ಬಹಳ ಹೊತ್ತು ನೋಡಿ, "ಹಾಂ. ಈಗ ಪಾಸ್" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ತೆಲುಗು, ಉರ್ದು, ಕನ್ನಡ ಕಲಸಿ ಅದನ್ನು ತೋರಿಸಿದ್ದೇ ತೋರಿಸಿದ್ದು. ಆ ಸಂಜೆ ಎಷ್ಟು ವ್ಯಾಪಾರ ತಪ್ಪಿತೋ, ಅವರಿಗೆ ಅದರ ಖಬರೇ ಇರಲಿಲ್ಲ. ಮನೆಯಲ್ಲಿ ಅಪ್ಪ ಬಿ.ಕಾಂ. ಮಾತು ಮತ್ತೆ ಎತ್ತಲಿಲ್ಲ.

ಮದುವೆಯಾಗಿ ಕೊಂಡಾಪುರಕ್ಕೆ ಬಂದ ಮೇಲೆ ಆ ಕಡೆ ಹೋಗುವುದು ಕಮ್ಮಿಯಾಯಿತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ... ಕಾಕಾ ತೀರಿಹೋದ ಸುದ್ದಿ ಅಮ್ಮನಿಂದ ತಿಳಿದಾಗ ಹನ್ನೊಂದು ದಿನವಾಗಿತ್ತು. ಹೋಗಿ ಮುಖ ನೋಡಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಆರಿಲ್ಲ. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ನಾನೀಗ ಬಟ್ಟೆಯ ಬಣ್ಣ ನಿರ್ಧರಿಸುವ ಕೆಲಸದಲ್ಲಿ ಎಲ್ಲರಿಗಿಂತ ಮೇಲಿನ ಕುರ್ಚಿಯಲ್ಲಿದ್ದೇನೆ. ನಾನು ಮಾಡಿದ್ದನ್ನೆಲ್ಲ ಚೆನ್ನಾಗಿದೆ ಮೇಡಂ ಎಂದು ಪಾಸ್ ಮಾಡುವವರು ಸುತ್ತ ತುಂಬಿದ್ದಾರೆ. ಇದೊಂದು ಚೂರು ತಪ್ಪೈತಿ, ಕೀಳು ಎನ್ನುವವರು ಒಬ್ಬರೇ ಇದ್ದರು.