ಎಸ್ಟಿಮೇಟ್ ಭಾವ ಮಾಡಿಸಿದ ಬಚ್ಚಲು

ಎಸ್ಟಿಮೇಟ್ ಭಾವ ಅಂದರೆ ಈಗ ನನಗೆ ಹೇಸಿಗೆ. ಅಕ್ಕನ ಗಂಡ, ಮರ್ಯಾದೆ ಕೊಟ್ಟೇ ಹೇಳುತ್ತೇನೆ. ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಅಕ್ಕನಿಗೆ ತಲೆನೋವು ಅಂದರೆ ಅಡುಗೆಮನೆಗೆ ತಾವೇ ನುಗ್ಗುತ್ತಾರೆ. ಇಂಥವರನ್ನು ಬೈಯೋಣ ಅಂದರೆ ಬಾಯಿಗೆ ಸರಿಯಾದ ಬೈಗುಳವೂ ಬರುವುದಿಲ್ಲ, ಅದೇ ಇನ್ನೊಂದು ಸಂಕಟ.

ಅವರು ಕೆಲಸ ಮಾಡೋ ಕಟ್ಟಡ ಕಂಪನಿಯಲ್ಲೇ ನಾನೂ ಇರೋದು, ನಕ್ಷೆ ಬಿಡಿಸುವ ಕೆಲಸಕ್ಕೆ. ನಾನು ಭಾವ ಭಾವ ಅಂತ ಕೂಗಿ ಕೂಗಿ ಇಡೀ ಆಫೀಸಿಗೆ ಅವರು ಭಾವ ಆಗಿಬಿಟ್ಟರು. ಕಟ್ಟಡಕ್ಕೆ ಎಷ್ಟು ಇಟ್ಟಿಗೆ, ಎಷ್ಟು ಸಿಮೆಂಟು, ಒಟ್ಟು ಖರ್ಚೆಷ್ಟು ಅಂತ ಮೊದಲೇ ಲೆಕ್ಕ ಹಾಕಿಕೊಡೋದು ಅವರ ಕೆಲಸ. ಮೊದಲೆಲ್ಲ ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳೆದು, ಕ್ಯಾಲ್ಕ್ಯುಲೇಟರ್ ಕುಟ್ಟಿ, ಕೊನೆಗೆ ಭಯಕ್ಕೆ ಎಲ್ಲದಕ್ಕೂ ಒಂದು ಚೂರು ಜಾಸ್ತಿ ಸೇರಿಸುತ್ತಿದ್ದರು. ಆ ಒಂದು ಚೂರಿನಿಂದಲೇ ಟೆಂಡರುಗಳು ಒಂದಾದ ಮೇಲೊಂದು ಕೈತಪ್ಪುತ್ತಿದ್ದವು. ಸಾಹೇಬರು ಎಲ್ಲರೆದುರು ಚಳಿ ಬಿಡಿಸಿದರೆ ಭಾವ ನೆಲ ನೋಡುತ್ತಾ ನಿಲ್ಲುತ್ತಿದ್ದರು. ಆಗ ನನಗೆ ಪಾಪ ಅನ್ನಿಸುತ್ತಿತ್ತು, ಸುಳ್ಳೇಕೆ.

ಆಮೇಲೆ ಹೊಸ ಸಾಫ್ಟ್‌ವೇರ್ ಬಂತು. ಕಂಪ್ಯೂಟರಿನೊಳಗೆ ಇಡೀ ಕಟ್ಟಡವನ್ನೇ ಕಟ್ಟಬೇಕು. ಯಾವ ಗೋಡೆ, ಯಾವ ನೆಲ, ಅದರೊಳಗೆ ಯಾವ ಯಾವ ಪದರ ಅಂತ ಹೇಳಬೇಕು. ಲೆಕ್ಕ ಅದೇ ಹಾಕುತ್ತದೆ. ಗೋಡೆ ಒಂದಡಿ ಸರಿಸಿದರೆ ಇಟ್ಟಿಗೆ, ಗಾರೆ, ಖರ್ಚು ಎಲ್ಲ ತಾನಾಗೇ ಬದಲಾಗುತ್ತದೆ. ಕೆಲಸ ಹೋಯಿತು ಅಂತ ಭಾವ ಊಟ ಬಿಟ್ಟು ಕೂತರು. ನಾನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. ಕಲಿತರು, ಬೇಗನೇ ಕಲಿತರು, ಅದನ್ನೂ ಹೇಳಬೇಕಲ್ಲ.

ಅವರು ಮೊದಲು ಮಾಡಿದ ದೊಡ್ಡ ಮಾಡೆಲ್ಲು ಒಂದು ಅಪಾರ್ಟ್‌ಮೆಂಟಿನದು. ಬಚ್ಚಲಿನ ನೆಲಕ್ಕೆ ಕಾಂಕ್ರೀಟು, ಅದರ ಮೇಲೆ ನೀರು ಇಳಿಯದ ಹಾಗೆ ಬಳಿಯುವ ವಾಟರ್‌ಪ್ರೂಫಿಂಗ್, ಅದರ ಮೇಲೆ ಗಾರೆ, ಕೊನೆಗೆ ಟೈಲ್ಸು ಅಂತ ಹೇಳಬೇಕಿತ್ತು. ಅವಸರದಲ್ಲಿ ಭಾವ ಮಲಗುವ ಕೋಣೆಯ ನೆಲವನ್ನೇ ಕಾಪಿ ಮಾಡಿ ಎಲ್ಲಾ ಬಚ್ಚಲಿಗೂ ಅಂಟಿಸಿ, ಮೇಲಿನ ಟೈಲ್ಸಿನ ಬಣ್ಣ ಮಾತ್ರ ಬದಲಾಯಿಸಿದರು. ಪರದೆ ಮೇಲೆ ನೋಡಿದರೆ ಥೇಟ್ ಬಚ್ಚಲೇ. ಒಳಗೆ ಆ ಲೇಪವೇ ಇಲ್ಲ. ಅಲ್ಲಿ ಯಾರೋ ಸ್ನಾನ ಮಾಡುತ್ತಾರೆ ಅಂತ ಸಾಫ್ಟ್‌ವೇರಿಗೇನು ಗೊತ್ತು? ಹೇಳಿದ್ದನ್ನು ಎಣಿಸಿ ಕೊಟ್ಟಿತು. ಖರ್ಚು ಕಡಿಮೆ ಬಂತು, ಟೆಂಡರ್ ನಮಗೇ ಸಿಕ್ಕಿತು. ಸಾಹೇಬರು ಭಾವನನ್ನು ತಲೆ ಮೇಲೆ ಹೊತ್ತು ಮೆರೆಸಿದರು, ಗಾಜಿನ ಕ್ಯಾಬಿನ್ ಕೊಟ್ಟರು. ಇಲ್ಲಿಯವರೆಗೆ ನಡೆದದ್ದು ತಪ್ಪು, ಅಷ್ಟೇ. ತಪ್ಪು ಯಾರಿಗಾಗಲ್ಲ?

ಅದೇ ಕಟ್ಟಡದಲ್ಲಿ ಅಕ್ಕ ನಡುವಿನ ಮಹಡಿಯ ಮನೆ ಬುಕ್ ಮಾಡಿದಳು. ಅವಳು ಬಟ್ಟೆ ಹೊಲಿಯುತ್ತಾಳೆ. ಈಗಿರುವ ಬಾಡಿಗೆ ಮನೆಯ ಗೋಡೆ ಸದಾ ಒದ್ದೆ. ಗಿರಾಕಿಗಳ ಬಟ್ಟೆಗೆ ಬೂಷ್ಟು ಹಿಡಿದು, ಬೈಸಿಕೊಂಡು, ಹೊಸ ಬಟ್ಟೆ ತೆಗೆಸಿಕೊಟ್ಟು ಸಾಕಾಗಿದ್ದಾಳೆ. ಅವಳಿಗೆ ಬೇಕಾಗಿದ್ದು ಹೊಲಿಯೋಕೆ ಒಣಗಿದ ಒಂದು ರೂಮು, ಇನ್ನೇನೂ ಅಲ್ಲ. ಮೇಲಿನ ಮಹಡಿಯ ನಕ್ಷೆ ಸ್ವಲ್ಪ ಬೇರೆ, ಅವಳು ಆರಿಸಿಕೊಂಡ ರೂಮಿನ ನೆತ್ತಿ ಮೇಲೆ ಸರಿಯಾಗಿ ಮೇಲಿನ ಮನೆಯವರ ಬಚ್ಚಲು.

ಹೋದ ತಿಂಗಳು ಏನೋ ತಿದ್ದೋಕೆ ಅಂತ ಆ ಮಾಡೆಲ್ ತೆರೆದೆ. ಬಚ್ಚಲಿನ ನೆಲ ಒತ್ತಿದರೆ 'ಮಲಗುವ ಕೋಣೆ' ಅಂತ ಬರುತ್ತಿದೆ. ಇನ್ನೊಂದು ಒತ್ತಿದೆ, ಅದೂ ಹಾಗೇ. ಕ್ಯಾಬಿನ್ನಿಗೆ ಓಡಿದೆ.

"ಭಾವ, ಬಚ್ಚಲಿಗೆ ವಾಟರ್‌ಪ್ರೂಫಿಂಗೇ ಇಲ್ವಲ್ಲ!"

"ಶ್! ಬಾಗಿಲು ಹಾಕು." ಮುಖದಲ್ಲಿ ಗಾಬರಿಯೇ ಇಲ್ಲ. "ಟೆಂಡರ್ ಸಿಕ್ಕಿದ ಮೇಲೆ ನಾನೂ ನೋಡ್ದೆ."

"ಮತ್ತೆ ಯಾಕೆ ಸುಮ್ನಿದ್ರಿ?"

"ಹೇಳಿ ಮತ್ತೆ ಬೈಸ್ಕೊಳ್ಲಾ? ಟೈಲ್ಸ್ ಹಾಕ್ತಾರಲ್ಲ, ನೀರೇನು ಇವತ್ತೇ ಇಳಿದುಬಿಡುತ್ತಾ? ಯಾರಾದ್ರೂ ಕೇಳಿದ್ರೆ ಕಂಪ್ಯೂಟರ್ ಕೊಟ್ಟ ಲೆಕ್ಕ ಅಂದ್ರಾಯ್ತು."

ಮೈ ಉರಿದುಹೋಯಿತು. ಲೆಕ್ಕದಲ್ಲಿ ಇಲ್ಲದ ಸಾಮಾನನ್ನು ಸೈಟಿನವರು ಹಾಕೋದೂ ಇಲ್ಲ. ಆದರೆ ಅಲ್ಲಿ ಇನ್ನೂ ಮುಕ್ಕಾಲು ಬಚ್ಚಲುಗಳಿಗೆ ಟೈಲ್ಸ್ ಬಿದ್ದಿರಲಿಲ್ಲ, ಸರಿಮಾಡೋಕೆ ಕಾಲ ಮೀರಿರಲಿಲ್ಲ. ನೆಲವನ್ನೆಲ್ಲ ತಿದ್ದಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಫ್ಟ್‌ವೇರ್ ಬಿಟ್ಟುಹೋದ ಸಾಮಾನನ್ನೆಲ್ಲ ಎತ್ತಿ ತೋರಿಸಿತು. ಅಲ್ಲಿ ನಿಯತ್ತು ಇದ್ದದ್ದು ಅದಕ್ಕೊಂದಕ್ಕೇ. ಪ್ರಿಂಟ್ ತೆಗೆದು ಸಾಹೇಬರ ಮುಂದಿಟ್ಟೆ. ಅವರು ಹಲ್ಲುಕಡ್ಡಿ ಆಡಿಸುತ್ತಾ ನೋಡಿದರು.

"ಒಪ್ಕೊಂಡ ರೇಟಿಗೆ ಇದೆಲ್ಲ ಎಲ್ಲಿಂದ ತರೋದಮ್ಮ? ಹಳೇ ಮಾಡೆಲ್ಲೇ ಇರ್ಲಿ. ನಿಮ್ಮ ಭಾವನ್ನ ನೋಡಿ ಕಲಿ."

ಕಲಿಯಬೇಕಂತೆ! ವಾಪಸ್ ಬಂದು ಭಾವನೆದುರು ನಿಂತು, "ಬೇರೆಯವರ ಮಾತು ಬಿಡಿ, ಅಕ್ಕನ ಹೊಲಿಗೆ ರೂಮಿನ ಗತಿ ಏನು?" ಅಂದೆ.

ಭಾವನ ಮುಖ ಅರಳಿತು. "ಅದನ್ನ ಬಿಡ್ತೀನಾ? ನಮ್ಮ ರೂಮಿನ ಮೇಲಿನ ಬಚ್ಚಲಿಗೆ ಹೊರಗಿಂದ ಜನ ಕರೆಸಿ, ಒಳ್ಳೇ ಕಂಪನಿದು ಎರಡು ಕೋಟ್ ಹೊಡೆಸಿದ್ದೀನಿ. ಸೈಟಿನವರಿಗೂ ಗೊತ್ತಿಲ್ಲ."

ಥೂ! ಇಡೀ ಕಟ್ಟಡದಲ್ಲಿ ಒಂದೇ ಒಂದು ಬಚ್ಚಲು! ಭೇಷ್ ಅನ್ನಲಿ ಅಂತ ನನ್ನ ಮುಖ ಬೇರೆ ನೋಡುತ್ತಾರೆ. ಬಾಗಿಲು ದಡಾರನೆ ಎಳೆದುಕೊಂಡು ಹೊರಗೆ ಬಂದೆ.

ಇನ್ನು ಉಳಿದವಳು ಅಕ್ಕ. ಭಾವ ಜಗತ್ತಿನಲ್ಲಿ ಯಾರಿಗಾದರೂ ಹೆದರುತ್ತಾರೆ ಅಂದರೆ ಅವಳಿಗೆ. ಒದ್ದೆ ಗೋಡೆಯ ಗೋಳು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವಳು ಒಂದು ಸಲ ಗದರಿದರೆ ಭಾವ ಸಾಹೇಬರ ಎದುರೂ ಬಾಯಿ ಬಿಡುತ್ತಾರೆ ಅಂತ ನಂಬಿದ್ದೆ. ಭಾನುವಾರ ಹೊಸ ಮನೆಗೆ ಕಿಟಕಿ ಪರದೆಯ ಅಳತೆ ತೆಗೆಯೋಕೆ ಹೋದಾಗ ಒಂದೂ ಬಿಡದೆ ಹೇಳಿದೆ. ಭಾವ ಕಿಟಕಿ ಹತ್ತಿರ ಉಗುರು ಕಚ್ಚುತ್ತಾ ನಿಂತಿದ್ದರು.

ಅಕ್ಕ ತಲೆಯೆತ್ತಿ ಮೇಲಿನ ಸೀಲಿಂಗನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಈಗ ಬಿತ್ತು ಅಂದುಕೊಂಡೆ.

"ಸದ್ಯ ಕಣ್ರೀ, ನಮ್ಮ ಮೇಲಿಂದು ಮಾಡಿಸಿದ್ರಲ್ಲ," ಅಂದಳು. ಉಸಿರು ಬಿಟ್ಟಳು, ನಕ್ಕಳು ಕೂಡ.

"ನಿನ್ನ ಬಚ್ಚಲಿಗೂ ಬಳಿದಿಲ್ಲ ಅಕ್ಕ! ಆ ನೀರು ಕೆಳಗಿನವರ ತಲೆ ಮೇಲೆ ಇಳಿಯುತ್ತೆ!"

"ಅದನ್ನ ಕೆಳಗಿನವರು ನೋಡ್ಕೋತಾರೆ ಬಿಡೇ," ಅಂದಳು ನನ್ನಕ್ಕ, ಟೇಪಿನ ಒಂದು ತುದಿಯನ್ನು ನನ್ನ ಕಡೆ ಚಾಚುತ್ತಾ. "ಅವರಿಗೆ ಹೋಗಿ ಹೇಳ್ಬೇಡ ಮತ್ತೆ."