ಹೆಸರು ಬರೆದ ಡಬ್ಬಿ

ಆಪಾ ಅವರ ಬಲಭುಜ ಎಡಭುಜಕ್ಕಿಂತ ತುಸು ಇಳಿದಿತ್ತು. ಬೇರೆಯವರು ಎಸೆಯುವಂಥ ಹಳೇ ಫೋನು, ಟ್ಯಾಬ್ಲೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ದಿನವೂ ರೈಲಿನಲ್ಲಿ ಅಮೆರಿಕದ ಮೌಂಟನ್ ವ್ಯೂನ ಆಫೀಸಿಗೆ ಹೊತ್ತು ತರುತ್ತಿದ್ದರು. ನಾವು ಮಾಡಿದ ವೆಬ್‌ಸೈಟು ಅವೆಲ್ಲದರಲ್ಲೂ ತೆರೆಯದೆ ಹೊರಗೆ ಹೋಗುವಂತಿರಲಿಲ್ಲ. ವಿಜಯಪುರದವರು, ನಮ್ಮ ಟೀಮಿನಲ್ಲಿ ಎಲ್ಲರಿಗಿಂತ ಹಿರಿಯರು. ನಾನು ಅಕ್ಕ ಎಂಬರ್ಥದಲ್ಲಿ ಆಪಾ ಅನ್ನುವುದನ್ನು ಕೇಳಿ ಕೇಳಿ ಅಮೆರಿಕನ್ ಮ್ಯಾನೇಜರನೂ ಹಾಗೇ ಕರೆಯತೊಡಗಿದ್ದ.

ರಂಜಾನ್ ಹಬ್ಬ ಮುಗಿದ ಮೇಲೆ ಟೀಮಿಗೆಲ್ಲ ಅವರದೇ ಊಟ. ಮೊದಲೇ ಒಬ್ಬೊಬ್ಬರನ್ನೂ ಏನು ತಿನ್ನುತ್ತೀರಿ ಎಂದು ಕೇಳಿ, ಬೇರೆ ಬೇರೆ ಪಾತ್ರೆಯಲ್ಲಿ ಮಾಡಿ, ಡಬ್ಬಿಗಳ ಮೇಲೆ ಹೆಸರು ಬರೆದಿರುತ್ತಿದ್ದರು. "ಕೇಳದ ಬಡಸಬಾರದ್ರಿ" ಅನ್ನುವುದು ಅವರ ಮಾತು. ಮಂಡ್ಯದವನಾಗಿಯೂ ನಾನು ಮಾಂಸ ಮುಟ್ಟುವುದಿಲ್ಲ. "ನಿಮ್ಮೂರವರು ಕೇಳಿದ್ರ ನಗ್ತಾರ್ರಿ" ಎಂದು ಕಾಲೆಳೆದೇ ನನ್ನ ಡಬ್ಬಿ ಕೈಗಿಡುತ್ತಿದ್ದರು.

ಸ್ಯಾನ್ ಹೊಸೆಯ ಒಂದು ಚಿಕ್ಕ ಕ್ಲಿನಿಕ್ಕಿನ ಸೈಟು ತೀರಾ ನಿಧಾನವಿತ್ತು. ಪುಟಗಳನ್ನು ಕುಗ್ಗಿಸಿ ಕಳಿಸುವ ಕೆಲಸ ನನಗೆ ಬಿತ್ತು. ಕುಗ್ಗಿಸಿದ ಪುಟ ಒಂದು ಗಂಟಿದ್ದಂತೆ. ತಾನು ಯಾವ ಬಗೆಯ ಗಂಟು ಬಿಚ್ಚಬಲ್ಲೆ ಎಂದು ಬ್ರೌಸರು ಹೇಳುತ್ತದೆ, ಸರ್ವರು ಅದೇ ಬಗೆಯಲ್ಲಿ ಕಟ್ಟಿ ಕಳಿಸಬೇಕು. ಆಪಾ ಅವರ ಚೀಲದಲ್ಲಿದ್ದ ಎಲ್ಲದರಲ್ಲೂ ಸೈಟು ಸರಸರ ತೆರೆಯಿತು. ಆದರೆ ಕ್ಲಿನಿಕ್ಕಿನಲ್ಲಿ ತೋರಿಸುವ ದಿನ, ಡಾಕ್ಟರ ಹೊಸ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬಂದ ಪುಟ ರೋಗಿಗಳು ಬಳಸುವ ಹಳೇ ಟ್ಯಾಬ್ಲೆಟ್ಟಿನಲ್ಲಿ ಬರೀ ಅಡ್ಡಾದಿಡ್ಡಿ ಚಿಹ್ನೆಗಳಾಗಿ ಕಂಡಿತು. ಡಾಕ್ಟರು ಮುಖ ಸಿಂಡರಿಸಿದರು. ಮ್ಯಾನೇಜರ್ ನನ್ನತ್ತ ನೋಡಿದ. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಕೆಲಸ ಹೋದರೆ ವೀಸಾವೂ ಹೋದಂತೆ.

ನಮ್ಮ ಜೊತೆ ಬಂದಿದ್ದ ಆಪಾ ಮ್ಯಾನೇಜರನಿಗೆ, ಇದನ್ನು ನೋಡಿ ಪಾಸು ಮಾಡಿದವಳು ನಾನು, ಕೇಳುವುದಿದ್ದರೆ ನನ್ನನ್ನೇ ಕೇಳು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಡಬ್ಬಿ ಮ್ಯಾಲೆ ಹೆಸರ ಬರದಿಲ್ರಿ ನಾವು" ಎಂದರು.

ಅಷ್ಟೇ ಸಾಕಾಯಿತು. ನಮ್ಮ ಸರ್ವರಿಗೂ ಕ್ಲಿನಿಕ್ಕಿಗೂ ನಡುವೆ ಪುಟದ ಪ್ರತಿ ಎತ್ತಿಟ್ಟು ಹಂಚುವ ಇನ್ನೊಂದು ಸರ್ವರಿತ್ತು, ಆಫೀಸಿನ ಪರೀಕ್ಷೆಯಲ್ಲಿ ಅದಿರಲಿಲ್ಲ. ಲ್ಯಾಪ್‌ಟಾಪಿಗೆಂದು ಕಟ್ಟಿದ ಗಂಟನ್ನು ನಡುವಿನ ಸರ್ವರು ಎತ್ತಿಟ್ಟುಕೊಂಡು ಟ್ಯಾಬ್ಲೆಟ್ಟಿಗೂ ಅದನ್ನೇ ಕೊಟ್ಟಿತ್ತು. ಆ ಗಂಟು ಎಂಥ ಬ್ರೌಸರಿಗೆ ಎಂದು ಗುರುತು ಹೇಳುವ ಒಂದು ಸಾಲು ಬಿಟ್ಟುಹೋಗಿತ್ತು. ಎತ್ತಿಟ್ಟದ್ದನ್ನು ಅಳಿಸಿ ಆ ಸಾಲು ಸೇರಿಸಿದೆ. ಡಾಕ್ಟರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಟ್ಯಾಬ್ಲೆಟ್ಟಿನಲ್ಲಿ ಪುಟ ಬಂತು. ನನ್ನ ಕೆಲಸ ಉಳಿಯಿತು. ಮಗಳು ಇಲ್ಲೇ ಹುಟ್ಟಿದಳು.

ಹೋದ ಚಳಿಗಾಲದಲ್ಲಿ ಆಪಾ ತೀರಿಕೊಂಡರು. ಲಿವರ್‌ಮೋರಿನಲ್ಲಿ ಮಣ್ಣು ಮಾಡಿ ಅವರ ಮನೆಗೆ ಬಂದಾಗ ಮೇಜಿನ ತುಂಬ ನೆರೆಯವರು ತಂದ ಊಟವಿತ್ತು. ನಾನು ಮೂಲೆಯಲ್ಲಿ ನಿಂತಿದ್ದೆ. ಅವರ ಮಗಳು ಒಂದು ಡಬ್ಬಿ ತಂದುಕೊಟ್ಟಳು. ಕನ್ನಡ ಅರ್ಥವಾದರೂ ಮಾತಾಡದ ಹುಡುಗಿ.

"ಅಂಕಲ್, ದಿಸ್ ಈಸ್ ಯುವರ್ಸ್. ನೋ ಮೀಟ್."

ಮುಚ್ಚಳದ ಮೇಲೆ ನನ್ನ ಹೆಸರಿತ್ತು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅಳುತ್ತಲೇ ಉಂಡೆ.