ಬೊಳ್ಳನ ಕೊರಳಿನ ಗಂಟೆ

ಅರಂತೋಡಿನ ನಮ್ಮ ನೆರೆಯವರು ಕುಕ್ಕಪ್ಪ ಗೌಡರು ಮಡಿಕೇರಿ ಕಡೆಯ ಕಾಫಿ ತೋಟದಲ್ಲಿ ಧಣಿಯ ಕುದುರೆ ನೋಡಿಕೊಂಡಿದ್ದವರು. ಐವತ್ತೆಂಟನೇ ಇಸವಿಯಲ್ಲಿ ಧಣಿ ಜೀಪು ತಂದರು. ಆಗಲೇ ಒಂದು ಕಾಲು ಊನವಾಗಿದ್ದ ಗೌಡರು ಊರಿಗೆ ಹೊರಡುವಾಗ ಆ ಕುದುರೆಯನ್ನೇ ಕೇಳಿ ತಂದರು. ಬುದ್ಧಿ ಇದ್ದವರು ಒಂದು ಹಾಲು ಕರೆಯುವ ದನ ಕೇಳುತ್ತಿದ್ದರು. ಇಟ್ಟ ಹೆಸರೂ ಬೊಳ್ಳ, ನಮ್ಮಲ್ಲಿ ಬಿಳಿ ಎತ್ತಿಗೆ ಇಡುವ ಹೆಸರು.

ಹೆಂಡತಿ ದಮಯಂತಿಯಕ್ಕನಿಗೆ ಮೈಯೆಲ್ಲ ಉರಿಯಿತು. "ಹಾಲು ಕೊಡುದಿಲ್ಲ, ಗದ್ದೆ ಉಳುದಿಲ್ಲ, ಇದರ ಲದ್ದಿಯಲ್ಲಿ ಅಂಗಳ ಸಾರಿಸ್ಲಿಕ್ಕೂ ಆಗುದಿಲ್ಲ. ದೀಪಾವಳಿಯ ಒಳಗೆ ಯಾರಿಗಾದ್ರೂ ಕೊಟ್ಟುಬಿಡಿ."

ಗೌಡರು ಅನ್ನ ಬಿಟ್ಟು ಎದ್ದು ಹೋಗಿ ಬೊಳ್ಳನ ಹತ್ತಿರ ಕೂತರು.

ಬೊಳ್ಳ ಬೇಲಿ ಹಾರುವುದರಲ್ಲಿ ಭಾರೀ ಚುರುಕು. ದನ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಎಳೆಗರು ಬಂದು ಮೂಸಿದರೂ ಸಾಕು, ನೆಗೆದು ಬೇಲಿಯ ಆಚೆ ನಿಂತು ಇಣುಕಿ ನೋಡುತ್ತಿತ್ತು. ಬೆನ್ನ ಮೇಲೆ ಹೇಂಟೆ ಕೋಳಿ ಹತ್ತಿ ಕೂತರೆ ಮಾತ್ರ ಅಲುಗಾಡುತ್ತಿರಲಿಲ್ಲ. ನಾನು ಬಿದ್ದು ಬಿದ್ದು ನಕ್ಕಿದ್ದೇನೆ. ಗೌಡರು ನಗುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಅವರ ಮುಂದಾಳು ದನ ಸತ್ತಿತು. ಮೇಯಲು ಗುಡ್ಡಕ್ಕೆ ಬಿಟ್ಟ ದನಗಳು ಸಂಜೆ ಅದರ ಕೊರಳಿನ ಮರದ ಗಂಟೆಯ ಸದ್ದು ಹಿಡಿದು ಹಟ್ಟಿಗೆ ಬರುತ್ತಿದ್ದವು. ಈಗ ದಿಕ್ಕಿಗೊಂದಾದವು. ಗೌಡರ ಕಾಲಿಗೆ ಗುಡ್ಡ ಹತ್ತಲಾಗದು. ಆ ಗಂಟೆಯನ್ನು ಬೊಳ್ಳನ ಕೊರಳಿಗೇ ಕಟ್ಟಿ, ಹತ್ತಿ ಕೂತು ಹೊರಟರು.

ಸದ್ದು ಕೇಳಿದ ದನಗಳು ಪೊದೆಗಳಿಂದ ಎದ್ದು ಬೊಳ್ಳನ ಕಡೆಗೇ ಬಂದವು. ಬೊಳ್ಳ ಬಾಲ ಎತ್ತಿ ಓಡಿತು. ಗಂಟೆ ಓಡಿದ್ದರಿಂದ ದನಗಳೂ ಓಡಿದವು. ಅದರ ಕುತ್ತಿಗೆಯ ಕೂದಲು ಹಿಡಿದು ಜೋತಾಡುತ್ತಿದ್ದ ಗೌಡರ ಸಮೇತ ಇಡೀ ಮಂದೆ ಸೀದಾ ಹಟ್ಟಿಗೆ ಬಂದು ನಿಂತಿತು.

ಗೌಡರು ಹೆಂಡತಿಗೆ ಹೇಳಿದರು: "ಎಂತ ಮಾಡುದು, ಹೆದರಿ ಓಡಿದ್ದು ಹೌದು. ದನ ಬಂತೋ ಇಲ್ವೋ?"

ಆಮೇಲೆ ದಿನಾ ಹಾಗೆಯೇ. ಬೊಳ್ಳನ ಹೆದರಿಕೆ ಕೊನೆಯವರೆಗೂ ಹೋಗಲಿಲ್ಲ. ಆದರೂ ಸಂಜೆಯಾದರೆ ತಾನೇ ಬಂದು ಗಂಟೆಗೆ ಕೊರಳು ಒಡ್ಡುತ್ತಿತ್ತು. ಇದನ್ನು ನೆನೆದರೆ ನನಗೆ ಈಗ ನಗು ಬರುವುದಿಲ್ಲ.

ಕೊಟ್ಟುಬಿಡುವ ಮಾತು ನಿಂತಿತು. ದೀಪಾವಳಿಯ ಗೋಪೂಜೆಯ ದಿನ ದಮಯಂತಿಯಕ್ಕ ದನಗಳಿಗೆಲ್ಲ ಕುಂಕುಮ ಹಚ್ಚಿ, ಮಾಲೆ ಹಾಕಿ, ಉಳಿದ ಒಂದು ಮಾಲೆಯನ್ನು ಬೇಲಿಗೆ ಎಸೆದರು. "ಬೇಕಾದ್ರೆ ನೀವೇ ಹಾಕಿ. ಕುದುರೆಗೆಲ್ಲ ನಾನು ಪೂಜೆ ಮಾಡುದಿಲ್ಲ." ಗೌಡರು ಕೈ ಹಾಕುವ ಮೊದಲೇ ಬೊಳ್ಳ ಅದನ್ನು ತಿಂದು ಮುಗಿಸಿತು. ಪ್ರತಿ ವರ್ಷವೂ ಇದೇ ಆಯಿತು.

ಅರವತ್ತಾರರಲ್ಲಿ ಬೊಳ್ಳ ಸತ್ತಿತು. ಅಂದು ಸಂಜೆ ಗೌಡರು ಕೋಲೂರಿಕೊಂಡು ಹೇಗೋ ಗುಡ್ಡ ಹತ್ತಿ ಗಂಟೆ ಅಲ್ಲಾಡಿಸಿದರು. ದನಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವಕ್ಕೆ ಓಡುವ ಗಂಟೆಯೇ ಅಭ್ಯಾಸ. ಗೌಡರು ಓಡಲು ಹೋಗಿ ಬಿದ್ದರು.

ಮರುದಿನ ಹೋದದ್ದು ದಮಯಂತಿಯಕ್ಕ. ಸೆರಗು ಬಿಗಿದು, ಗಂಟೆ ಹಿಡಿದು ಗುಡ್ಡದಿಂದ ಓಡಿ ಇಳಿದರು. ಹಿಂದೆ ಇಡೀ ಮಂದೆ. ಹಟ್ಟಿಗೆ ಬಂದವರು ಬೊಳ್ಳ ನಿಲ್ಲುತ್ತಿದ್ದ ಜಾಗದಲ್ಲೇ ಕುಸಿದು ಕೂತರು. ನಾನು ನೀರು ಕೊಟ್ಟೆ. ಅವರು ಕುಡಿಯಲಿಲ್ಲ.

"ದಿನಾ ಹೀಗೆ ಓಡಿತಲ್ಲ ಮಾರಾಯ್ರೆ," ಎಂದು ಅತ್ತರು. "ಒಂದು ವರ್ಷವಾದ್ರೂ ನಾನೇ ಅದರ ಕೊರಳಿಗೆ ಮಾಲೆ ಹಾಕಬಹುದಿತ್ತು."